ಹೆರಿಗೆ ಸೇವೆಯ ಪ್ರಚಾರ: ಸೈನಿಕ ಆಸ್ಪತ್ರೆಗಳಿಂದ ಒಂದು ಪಾಠ

ಪೀಠಿಕೆ

'ಪ್ರಚಾರ' ಎಂಬ ಮಾತನ್ನು ಆಸ್ಪತ್ರೆಯೊಡನೆ ಸೇರಿಸಿ ಹೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಇರಿಸುಮುರಿಸಾಗುತ್ತದೆ. ಸಾಬೂನು, ಚಹದ ಪುಡಿ ಮಾರುವವರಿಗೆ ಪ್ರಚಾರ ಬೇಕು. ಜನಸೇವೆಗಾಗಿಯೇ ಇರುವ ಸರ್ಕಾರಿ ಆಸ್ಪತ್ರೆಗೆ ಅದರ ಗೊಡವೆ ಏಕೆ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ತಾಯಿಗೆ ತಿಳಿಯದ ಸೇವೆಯೂ, ತಿಳಿದರೂ ಅವಳಲ್ಲಿ ನಂಬಿಕೆ ಹುಟ್ಟಿಸದ ಸೇವೆಯೂ ಇಲ್ಲದಿರುವುದಕ್ಕೆ ಸಮವೆಂಬುದನ್ನು ನಾವು ಮರೆಯಲಾಗದು.

ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಈ ವಿಚಾರ ಹೊಸದೂ ಅಲ್ಲ. 1968ರಲ್ಲಿ ಭಾರತ ಸರ್ಕಾರವು ನಿರೋಧ್ ಅನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಲು ಹೊರಟಾಗ, ಚಹ, ಸಾಬೂನು ಮೊದಲಾದ ವಸ್ತುಗಳನ್ನು ಹಳ್ಳಿಯ ಅಂಗಡಿಗಳಿಗೆ ತಲುಪಿಸುತ್ತಿದ್ದ ಕಂಪನಿಗಳ ಮಾರಾಟ ಜಾಲವನ್ನೇ ಬಳಸಿಕೊಂಡಿತು. 1971ರಲ್ಲಿ ಅಮೆರಿಕದ ವಿದ್ವಾಂಸರಾದ ಫಿಲಿಪ್ ಕೋಟ್ಲರ್ ಮತ್ತು ಜೆರಾಲ್ಡ್ ಜಾಲ್ಟ್‌ಮನ್ ಅವರು ಇಂಥ ಕಾರ್ಯವನ್ನು 'ಸೋಷಿಯಲ್ ಮಾರ್ಕೆಟಿಂಗ್' ಎಂಬ ಹೆಸರಿನಿಂದ ಶಾಸ್ತ್ರೀಯವಾಗಿ ವಿವರಿಸಿದರು. ಲಾಭಕ್ಕಾಗಿ ಅಲ್ಲದೆ ಜನಹಿತಕ್ಕಾಗಿ ಒಂದು ಸೇವೆಯನ್ನು ರೂಪಿಸಿ, ಅದನ್ನು ಬೇಕಾದವರಿಗೆ ಮುಟ್ಟಿಸುವ ಕ್ರಮವೇ ಇದು.

ಈ ವಿಷಯದ ಅಧ್ಯಯನಕ್ಕೆ ಅಮೆರಿಕದ ಸೈನಿಕ ಆಸ್ಪತ್ರೆಗಳ ಹೆರಿಗೆ ವಿಭಾಗಗಳನ್ನು ಇಲ್ಲಿ ಉದಾಹರಣೆಯಾಗಿ ಆರಿಸಿಕೊಂಡಿದೆ. ಒಂದು ಕಾಲದಲ್ಲಿ ನಿಯಮದ ಬಲದಿಂದ ತಾಯಂದಿರನ್ನು ಪಡೆಯುತ್ತಿದ್ದ ಅದೇ ವಿಭಾಗಗಳು, ಮುಂದೆ ಅವರ ಒಲವನ್ನು ಸಂಪಾದಿಸಿಕೊಳ್ಳಬೇಕಾಗಿ ಬಂತು. ಈ ಬದಲಾವಣೆಯಲ್ಲಿ ನಮ್ಮ ಆರೋಗ್ಯ ಕೇಂದ್ರಗಳಿಗೂ ಕಲಿಯತಕ್ಕ ಅಂಶಗಳಿವೆ.

ಸೈನಿಕನ ಮಡದಿಯ ಹೆರಿಗೆ: ಹಿನ್ನೆಲೆ

ಸೈನ್ಯದ ವೈದ್ಯಶಾಖೆ ಮೊದಲಿಗೆ ಇರುವುದು ಗಾಯಗೊಂಡ ಯೋಧನಿಗಾಗಿ. ಆದರೆ ಯೋಧನಿಗೂ ಸಂಸಾರವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಲಕ್ಷೋಪಲಕ್ಷ ತರುಣರು ಸೇರಿದರು. ಅವರ ಎಳೆಯ ಪತ್ನಿಯರು ಗಂಡಂದಿರ ಬೆನ್ನುಹತ್ತಿ ಸೈನಿಕ ನೆಲೆಗಳ ಸುತ್ತಲಿನ ಊರುಗಳಿಗೆ ಬಂದರು. ತವರು ದೂರ, ಗಂಡನ ಸಂಬಳ ಅಲ್ಪ, ನೆಲೆಯ ಆಸ್ಪತ್ರೆಯಲ್ಲಿ ಹಾಸಿಗೆಗಳಿಲ್ಲ. 1941ರಲ್ಲಿ ವಾಷಿಂಗ್‌ಟನ್ ರಾಜ್ಯದ ಫೋರ್ಟ್ ಲೂಯಿಸ್ ನೆಲೆಯಲ್ಲಿ ಈ ತೊಂದರೆ ಮಿತಿಮೀರಿದಾಗ, ನೆರವಿಗೆ ಬಂದದ್ದು ಆ ರಾಜ್ಯದ ಆರೋಗ್ಯ ಇಲಾಖೆ.

ಈ ಅನುಭವದ ಆಧಾರದ ಮೇಲೆ 1943ರಲ್ಲಿ ತುರ್ತು ತಾಯಿ-ಮಗು ಆರೈಕೆ ಯೋಜನೆಯೊಂದು ದೇಶದಾದ್ಯಂತ ಜಾರಿಗೆ ಬಂತು. ಸೈನ್ಯದ ಕೆಳಗಿನ ನಾಲ್ಕು ದರ್ಜೆಯವರ ಪತ್ನಿಯರಿಗೆ ಬಸಿರಿನ ತಪಾಸಣೆ, ಹೆರಿಗೆ, ಬಾಣಂತನದ ಆರೈಕೆ ಹಾಗೂ ಕೂಸಿಗೆ ಮೊದಲ ವರ್ಷದ ಚಿಕಿತ್ಸೆ ಉಚಿತವಾಗಿ ದೊರೆತವು. ಕೇಂದ್ರದ ಮಕ್ಕಳ ಬ್ಯೂರೋ ಹಣ ಒದಗಿಸಿತು. ರಾಜ್ಯ ಆರೋಗ್ಯ ಇಲಾಖೆಗಳು ಅದನ್ನು ನಡೆಸಿದವು. 1949ರಲ್ಲಿ ಮುಕ್ತಾಯಗೊಳ್ಳುವ ವೇಳೆಗೆ ಸುಮಾರು 12 ಲಕ್ಷ ತಾಯಂದಿರು ಇದರ ಪ್ರಯೋಜನ ಪಡೆದಿದ್ದರು. ಅನಂತರ 1956ರ ಶಾಸನವು ಸೈನಿಕರ ಅವಲಂಬಿತರ ಚಿಕಿತ್ಸೆಗೆ ಸ್ಥಿರವಾದ ಆಧಾರವನ್ನು ಕಲ್ಪಿಸಿತು. 1990ರ ದಶಕದಲ್ಲಿ ಈ ವ್ಯವಸ್ಥೆ 'ಟ್ರೈಕೇರ್' ಎಂಬ ಹೆಸರು ಪಡೆಯಿತು.

ಕಡ್ಡಾಯದ ಕಾಲ

ಸೈನಿಕ ಆಸ್ಪತ್ರೆಯಿಂದ ಸುಮಾರು 40 ಮೈಲಿ, ಎಂದರೆ 64 ಕಿಲೋಮೀಟರಿನ ಒಳಗೆ ವಾಸಿಸುವ ಕುಟುಂಬಗಳಿಗೆ ದಶಕಗಳ ಕಾಲ ಒಂದು ನಿಯಮ ಅನ್ವಯಿಸುತ್ತಿತ್ತು. ಹೆರಿಗೆಗೆ ಹೊರಗಿನ ಆಸ್ಪತ್ರೆ ಸೇರಬೇಕಾದರೆ, "ಇಲ್ಲಿ ಈ ಸೌಲಭ್ಯ ದೊರೆಯದು" ಎಂಬ ಪ್ರಮಾಣಪತ್ರವನ್ನು ಮೊದಲು ಸೈನಿಕ ಆಸ್ಪತ್ರೆಯಿಂದ ಪಡೆಯಬೇಕು. ಅದಿಲ್ಲದಿದ್ದರೆ ಹೊರಗಿನ ವೆಚ್ಚವನ್ನು ಸರ್ಕಾರ ಭರಿಸುತ್ತಿರಲಿಲ್ಲ.

ಆಡಳಿತದ ದೃಷ್ಟಿಯಿಂದ ಇದು ಅನುಕೂಲಕರವಾದ ನಿಯಮ. ಹಾಸಿಗೆಗಳು ತುಂಬಿರುತ್ತಿದ್ದವು, ವೈದ್ಯರಿಗೆ ಕೆಲಸವಿರುತ್ತಿತ್ತು. ಆದರೆ ತಾನಾಗಿ ಬರುವವಳನ್ನು "ನಿನಗೇನು ಬೇಕು?" ಎಂದು ಕೇಳುವ ಅಗತ್ಯವೇ ಯಾರಿಗೂ ತೋರಲಿಲ್ಲ. ಪ್ರತಿ ತಪಾಸಣೆಯಲ್ಲೂ ಹೊಸ ವೈದ್ಯರ ಮುಖ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾದ ಬೇಸರ, ದಿನ ಗೊತ್ತುಮಾಡಿಸಿಕೊಳ್ಳಲು ದೀರ್ಘ ಕಾಯುವಿಕೆ, ಬಾಣಂತಿಯರಿಗೆ ಹಂಚಿಕೆಯ ಕೊಠಡಿ - ಇವೇ ಸಾಮಾನ್ಯ ದೂರುಗಳು. ಅಲ್ಲಿ ಹೆರಿಗೆಗೆ ಕುಟುಂಬವು ತೆರಬೇಕಾದ ಹಣ ನಗಣ್ಯವಾಗಿತ್ತು. ಆದರೂ ಅಸಮಾಧಾನವಿತ್ತು. ಉಚಿತವೆಂಬುದೊಂದೇ ಆಕರ್ಷಣೆ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬಾಗಿಲು ತೆರೆದಾಗ

2001ರ ಡಿಸೆಂಬರಿನಲ್ಲಿ ಅಂಗೀಕೃತವಾದ ರಕ್ಷಣಾ ಶಾಸನವು ಹೆರಿಗೆಯ ಮಟ್ಟಿಗೆ ಈ ಪ್ರಮಾಣಪತ್ರದ ಕಟ್ಟಳೆಯನ್ನು ತೆಗೆದುಹಾಕಿತು. 2003ರ ಡಿಸೆಂಬರ್ 28ರಿಂದ ಇದು ಜಾರಿಗೆ ಬಂತು. ಟ್ರೈಕೇರಿನ 'ಸ್ಟಾಂಡರ್ಡ್' ವಿಭಾಗದಲ್ಲಿದ್ದ ಗರ್ಭಿಣಿಯು ಅಂದಿನಿಂದ ತನಗೆ ಒಪ್ಪುವ ಹೊರಗಿನ ಆಸ್ಪತ್ರೆಯನ್ನು ತಾನೇ ಆರಿಸಿಕೊಳ್ಳಬಹುದಾಯಿತು.

ಸೈನಿಕ ಆಸ್ಪತ್ರೆಗಳಿಗೆ ಇದು ಮಾನಾಪಮಾನದ ಪ್ರಶ್ನೆ ಮಾತ್ರವಾಗಿರಲಿಲ್ಲ. ಆ ವ್ಯವಸ್ಥೆಯಲ್ಲಿ ಒಳರೋಗಿಯಾಗಿ ದಾಖಲಾಗುವುದಕ್ಕೆ ಅತಿ ಸಾಮಾನ್ಯ ಕಾರಣವೇ ಹೆರಿಗೆ. ಹೆರಿಗೆಗಳು ಹೊರಗೆ ಹರಿದುಹೋದರೆ ಪ್ರಸೂತಿ ವೈದ್ಯರ ತರಬೇತಿ ಕುಂಠಿತವಾಗುತ್ತದೆ. ಮಕ್ಕಳ ವೈದ್ಯರಿಗೂ ಅರಿವಳಿಕೆ ತಜ್ಞರಿಗೂ ಅನುಭವ ತಪ್ಪುತ್ತದೆ. ದಾದಿಯರ ಕೈಚಳಕ ಮಂಕಾಗುತ್ತದೆ. ತಿಂಗಳಿಗೆ ಬೆರಳೆಣಿಕೆಯಷ್ಟು ಹೆರಿಗೆಗಳನ್ನು ಮಾತ್ರ ಕಾಣುವ ತಂಡಕ್ಕೆ, ಹಠಾತ್ತನೆ ಒದಗುವ ರಕ್ತಸ್ರಾವವನ್ನು ಎದುರಿಸುವ ಅಭ್ಯಾಸ ಉಳಿಯುವುದು ಕಷ್ಟ. ಹೀಗಾಗಿ ಬರುವ ತಾಯಂದಿರ ಸಂಖ್ಯೆಯು ಬಂದ ತಾಯಿಯ ಸುರಕ್ಷತೆಗೂ ಸಂಬಂಧಿಸಿದೆ.

ಅವರು ಕೈಗೊಂಡ ಕ್ರಮಗಳು

ಸೇನೆಯ ಮೂರು ಅಂಗಗಳ ಆಸ್ಪತ್ರೆಗಳೂ 'ಕುಟುಂಬ ಕೇಂದ್ರಿತ ಆರೈಕೆ' ಎಂಬ ಹೆಸರಿನಲ್ಲಿ ಸುಧಾರಣೆಗೆ ತೊಡಗಿದವು. ಮಾರುಕಟ್ಟೆ ಶಾಸ್ತ್ರದಲ್ಲಿ ಸೇವೆ, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಅಂಗಗಳನ್ನು ಹೇಳುವುದುಂಟು. ಆ ಕ್ರಮದಲ್ಲಿಯೇ ಇವನ್ನು ಪರಿಶೀಲಿಸಬಹುದು.

1. ಸೇವೆ: ತಾಯಂದಿರ ಅಭಿಪ್ರಾಯವನ್ನು ಸಮೀಕ್ಷೆಗಳ ಮೂಲಕ ಕೇಳಿ ತಿಳಿಯಲಾಯಿತು. ಬಸಿರಿನ ಉದ್ದಕ್ಕೂ ಒಬ್ಬರೇ ವೈದ್ಯರು ಅಥವಾ ಒಂದೇ ಚಿಕ್ಕ ತಂಡದವರು ನೋಡಿಕೊಳ್ಳುವ ಏರ್ಪಾಟು, ಬಾಣಂತಿಗೆ ಪ್ರತ್ಯೇಕ ಕೊಠಡಿ, ಕೂಸನ್ನು ತಾಯಿಯ ಪಕ್ಕದಲ್ಲೇ ಇರಿಸುವುದು, ಗಂಡನು ಜೊತೆಗಿರಲು ಅವಕಾಶ, ಎದೆಹಾಲೂಡಿಸಲು ನೆರವು, ನೋವು ನಿವಾರಣೆಯ ಬಗ್ಗೆ ಮುಂಚಿತವಾದ ತಿಳಿವಳಿಕೆ ಇವುಗಳಿಗೆ ಒತ್ತು ದೊರೆಯಿತು. 2002ರಲ್ಲಿ ತೊಡಕಿಲ್ಲದ ಬಸಿರಿನ ಆರೈಕೆಗಾಗಿ ಸೇನೆ ಮತ್ತು ನಿವೃತ್ತ ಯೋಧರ ಇಲಾಖೆಗಳು ಕೂಡಿ ಏಕರೂಪದ ಮಾರ್ಗಸೂಚಿಯನ್ನು ಹೊರಡಿಸಿದ್ದವು.

2. ಬೆಲೆ: ಹಣದ ಬೆಲೆ ಮೊದಲೇ ಕಡಿಮೆ. ಆದರೆ ತಾಯಿಯು ತೆರುವ ಬೆಲೆ ಹಣವೊಂದೇ ಅಲ್ಲ. ಕಾಯುವ ಹೊತ್ತು, ಓಡಾಟ, ಹಿರಿಯ ಮಗುವನ್ನು ಬಿಟ್ಟುಬರುವ ಚಿಂತೆ, ಗದರಿಕೆಯ ಭಯ ಇವೆಲ್ಲವೂ ಬೆಲೆಯೇ. ಇವನ್ನು ಇಳಿಸುವುದೇ ನಿಜವಾದ ರಿಯಾಯಿತಿ.

3. ಸ್ಥಳ: ಸೇವೆ ದೊರೆಯುವ ಜಾಗದಷ್ಟೇ ಅದು ದೊರೆಯುವ ವೇಳೆಯೂ ಮುಖ್ಯ. ಗರ್ಭನಿರೋಧಕ ಸೇವೆಗೆ ಮುಂಚಿತವಾಗಿ ದಿನ ಗೊತ್ತುಮಾಡಿಸಿಕೊಳ್ಳಬೇಕಾಗಿದ್ದ ಪದ್ಧತಿಯನ್ನು ಬಿಟ್ಟು, ನೇರವಾಗಿ ಬಂದವರಿಗೆ ಅಂದೇ ಸೇವೆ ನೀಡುವ ಚಿಕಿತ್ಸಾಲಯಗಳನ್ನು ನೌಕಾಪಡೆಯ ಕೆಲವು ಆಸ್ಪತ್ರೆಗಳು ಮುಂದೆ ತೆರೆದವು. ಸ್ತ್ರೀಯ ಆರೋಗ್ಯವು ಹೆರಿಗೆಯೊಂದಿಗೆ ಮುಗಿಯುವುದಿಲ್ಲವೆಂಬ ಅರಿವು ಇದರ ಹಿಂದಿದೆ.

4. ಪ್ರಚಾರ: ಹೆರಿಗೆ ವಿಭಾಗವನ್ನು ಗರ್ಭಿಣಿಗೂ ಆಕೆಯ ಪತಿಗೂ ಮೊದಲೇ ಸುತ್ತಿ ತೋರಿಸುವುದು, ಹೆರಿಗೆಯ ಸಿದ್ಧತೆಯ ತರಗತಿಗಳು, ನೆಲೆಯ ಪತ್ರಿಕೆಗಳಲ್ಲಿ ಬರಹಗಳು ಬಳಕೆಗೆ ಬಂದವು. ಇವೆಲ್ಲಕ್ಕಿಂತ ಬಲವಾದದ್ದು ಬಾಯಿಮಾತು. ಸೈನಿಕ ವಸತಿಗಳಲ್ಲಿ ಸಂಸಾರಗಳು ಅಕ್ಕಪಕ್ಕದಲ್ಲೇ ಬಾಳುತ್ತವೆ. ಒಬ್ಬಳ ಬಾಣಂತನದ ಸಂಗತಿ ಸಂಜೆಯೊಳಗೆ ಇಡೀ ಸಾಲಿಗೆ ತಿಳಿಯುತ್ತದೆ. ನೊಂದ ಒಬ್ಬ ತಾಯಿಯ ಮಾತನ್ನು ನೂರು ಭಿತ್ತಿಪತ್ರಗಳೂ ಅಳಿಸಲಾರವು.

ಗರ್ಭಿಣಿಯರನ್ನು ಗುಂಪಾಗಿ ಕೂಡಿಸಿ ತಪಾಸಣೆ ಮತ್ತು ಚರ್ಚೆ ನಡೆಸುವ ಪದ್ಧತಿಯನ್ನೂ ಕೆಲವು ನೆಲೆಗಳು ಅನುಸರಿಸಿದವು. ಎರಡು ಸೈನಿಕ ನೆಲೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಗುಂಪಿನಲ್ಲಿದ್ದವರು ತಪಾಸಣೆಗೆ ಹೆಚ್ಚು ಕ್ರಮವಾಗಿ ಬಂದರು, ಹೆಚ್ಚು ತೃಪ್ತರಾಗಿದ್ದರು. ಆದರೆ ಹೆರಿಗೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಅಂತರ ಕಂಡುಬರಲಿಲ್ಲ. ತೃಪ್ತಿಯೂ ಸುರಕ್ಷತೆಯೂ ಬೇರೆ ಬೇರೆ ಅಳತೆಗಳೆಂಬುದನ್ನು ಇದು ನೆನಪಿಸುತ್ತದೆ.

ತಾಯಿಗೆ ಕಾಣುವುದು, ಕಾಣದಿರುವುದು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೋಡೆಯ ಬಣ್ಣ, ಹಾಸಿಗೆಯ ಹೊದಿಕೆ, ಸಿಬ್ಬಂದಿಯ ನಗುಮೊಗ ಇವು ತಾಯಿಯ ಕಣ್ಣಿಗೆ ಬೀಳುತ್ತವೆ. ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಿಸಲಾಗಿದೆಯೇ, ನಂಜಿನ ಸೆಳವಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟಿನ ಅವಧಿ ಮುಗಿದಿಲ್ಲವೇ, ಉಸಿರಾಡದ ಕೂಸಿಗೆ ಗಾಳಿ ಊದುವ ಚೀಲ ಮತ್ತು ಮುಖಕವಚ ಕೈಗೆಟಕುವಲ್ಲಿದೆಯೇ ಎಂಬುದು ಅವಳಿಗೆ ಕಾಣದು. ಆದರೆ ಅವಳ ಜೀವ ನಿಂತಿರುವುದು ಇವುಗಳ ಮೇಲೆ.

ಕಾಣುವುದನ್ನು ಮಾತ್ರ ಅಲಂಕರಿಸಿ ಪ್ರಚಾರ ಮಾಡಿದರೆ ಅದು ವಂಚನೆ. ಕಾಣದ್ದನ್ನು ಸಿದ್ಧವಾಗಿಟ್ಟುಕೊಂಡೂ ಕಾಣುವುದನ್ನು ಕಡೆಗಣಿಸಿದರೆ ತಾಯಿ ಬರುವುದೇ ಇಲ್ಲ. ಎರಡೂ ಸರಿಯಿದ್ದ ಮೇಲೆಯೇ ಬಾಯಿ ತೆರೆಯಬೇಕು.

ಒಂದು ಪ್ರಸಂಗ

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಕೋಣೆಯನ್ನು ದುರಸ್ತಿಪಡಿಸಿ, "ದಿನದ 24 ಗಂಟೆಯೂ ಹೆರಿಗೆ ಸೌಲಭ್ಯ" ಎಂಬ ದೊಡ್ಡ ಫಲಕವನ್ನು ಗೇಟಿಗೆ ಹಾಕಿಸಿದೆವು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಕರಪತ್ರ ಹಂಚಿದರು. ಎರಡು ತಿಂಗಳು ಹೆರಿಗೆಗಳ ಸಂಖ್ಯೆ ಏರಿತು; ಮೂರನೆಯ ತಿಂಗಳು ಮೊದಲಿಗಿಂತ ಕೆಳಗಿಳಿಯಿತು.

ಆ ತಿಂಗಳಲ್ಲೇ ಪಕ್ಕದ ಹಳ್ಳಿಯ ಒಬ್ಬ ಗರ್ಭಿಣಿಯನ್ನು ನಡುರಾತ್ರಿ ನಮ್ಮ ಗೇಟಿನ ಮುಂದಿನಿಂದಲೇ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲೇ ಹೆರಿಗೆಯಾಗಿ ರಕ್ತಸ್ರಾವ ಹೆಚ್ಚಿತು. ತಾಲ್ಲೂಕು ಆಸ್ಪತ್ರೆಯವರು ರಕ್ತ ಕೊಟ್ಟು ಆಕೆಯನ್ನು ಉಳಿಸಿದರು, ಕೂಸೂ ಬದುಕಿತು. ಗುರುವಾರದ ಲಸಿಕೆಯ ದಿನ ಆಕೆಯ ತಾಯಿ ಮೊಮ್ಮಗುವನ್ನು ಎತ್ತಿಕೊಂಡು ಬಂದಾಗ, "ಇಲ್ಲಿಗೇಕೆ ಬರಲಿಲ್ಲ, ಅಮ್ಮಾ?" ಎಂದು ಕೇಳಿದೆ. "ನಿಮ್ಮ ಬೋರ್ಡು ಚೆಂದಾಗೈತೆ ಡಾಕ್ಟ್ರಪ್ಪ. ಆದ್ರೆ ನಮ್ಮ ಎದುರುಮನೆಯವಳ ಸೊಸೆ ಬಂದಾಗ ರಾತ್ರಿ ಬಾಗ್ಲು ಬಡಿದು ಬಡಿದು ಸಾಕಾಯ್ತಂತಲ್ಲ" ಎಂದಳು ಆಕೆ.

ವಿಚಾರಿಸಿದಾಗ ಮಾತು ನಿಜವೆಂದು ತಿಳಿಯಿತು. ಒಂದು ರಾತ್ರಿ ಕೆಲಸದಲ್ಲಿದ್ದ ಸಿಸ್ಟರ್ ಒಬ್ಬರೇ. ಹಿಂಬದಿಯ ಕೋಣೆಯಲ್ಲಿ ಬೇರೊಂದು ಹೆರಿಗೆಯಲ್ಲಿದ್ದ ಅವರಿಗೆ ಕದ ಬಡಿದದ್ದು ಕೇಳಿಸಿರಲಿಲ್ಲ. ತಪ್ಪು ಅವರದಲ್ಲ. ಒಬ್ಬರೇ ಇರುವ ಕಡೆ 24 ಗಂಟೆಯ ಭರವಸೆಯನ್ನು ಗೇಟಿಗೆ ನೇತುಹಾಕಿದ ನನ್ನದು. ಅನಂತರ ನಾವು ಮಾಡಿದ್ದು ಅಲ್ಪವೇ: ಗೇಟಿನಿಂದ ಹೆರಿಗೆ ಕೋಣೆಯವರೆಗೆ ಕರೆಗಂಟೆ, ರಾತ್ರಿಯಿಡೀ ಉರಿಯುವ ದೀಪ, ರಾತ್ರಿ ಪಾಳಿಗೆ ಒಬ್ಬ ಸಹಾಯಕಿ, ಬಾಣಂತಿಗೆ ಬಿಸಿನೀರು. ಆ ವರ್ಷ ಕರಪತ್ರವನ್ನು ಮತ್ತೆ ಅಚ್ಚುಹಾಕಿಸಲಿಲ್ಲ. ಆದರೂ ತಾಯಂದಿರು ನಿಧಾನವಾಗಿ ಹಿಂತಿರುಗಿದರು.

ನಮ್ಮ ರಾಜ್ಯದಲ್ಲಿ ಈ ಪಾಠದ ಅನ್ವಯ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 65ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 97ಕ್ಕೆ ಏರಿತ್ತು. 2005ರ ಜನನಿ ಸುರಕ್ಷಾ ಯೋಜನೆಯ ಧನಸಹಾಯ, 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ, ಕಾರ್ಯಕರ್ತೆಯರ ಅವಿರತ ದುಡಿಮೆ ಇವೆಲ್ಲ ಸೇರಿ ಈ ಏರಿಕೆಗೆ ನೆರವಾಗಿವೆ. ಆಸ್ಪತ್ರೆಗೆ ಬನ್ನಿರೆಂದು ಒಪ್ಪಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಬಂದ ತಾಯಿ ಯಾವ ಆಸ್ಪತ್ರೆಯನ್ನು ನಂಬುತ್ತಾಳೆ, ಅಲ್ಲಿ ಅವಳಿಗೆ ಏನು ದೊರೆಯುತ್ತದೆ ಎಂಬುದೇ ಈಗಿನ ಪ್ರಶ್ನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟವನ್ನೇ ಗುರಿಯಾಗಿಟ್ಟುಕೊಂಡಿದೆ.

ನಮ್ಮಲ್ಲಿಯೂ ಸೈನಿಕರ ಮಡದಿಯರಿದ್ದಾರೆ. ಕೊಡಗು, ಬೆಳಗಾವಿ ಮೊದಲಾದ ಜಿಲ್ಲೆಗಳ ಅನೇಕ ಮನೆಗಳಿಂದ ತರುಣರು ಸೈನ್ಯಕ್ಕೆ ಸೇರುತ್ತಾರೆ. ಗಂಡನ ನೆಲೆಯ ಸೈನಿಕ ಆಸ್ಪತ್ರೆಯಲ್ಲಿ ಬಸಿರಿನ ತಪಾಸಣೆ ಆರಂಭಿಸಿದವಳು ಚೊಚ್ಚಲ ಹೆರಿಗೆಗೆ ಏಳನೆಯ ತಿಂಗಳಲ್ಲೋ ಎಂಟನೆಯ ತಿಂಗಳಲ್ಲೋ ತವರಿಗೆ ಬರುವುದು ನಮ್ಮ ರೂಢಿ. ಅಂಥವಳನ್ನು "ನಿಮ್ಮ ನೋಂದಣಿ ಇಲ್ಲಿಲ್ಲ" ಎಂದು ಹಿಂದಕ್ಕೆ ಕಳುಹಬಾರದು. ಅವಳ ಹಳೆಯ ದಾಖಲೆಗಳನ್ನು ನೋಡಿ, ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡಗಳನ್ನು ತಾಯಿ ಕಾರ್ಡಿಗೆ ಇಳಿಸಿಕೊಳ್ಳಬೇಕು. ಗಂಡ ಗಡಿಯಲ್ಲಿರುವಾಗ ನೋವು ತಿನ್ನುವವಳಿಗೆ ಜೊತೆಗಾತಿಯ ಅಗತ್ಯ ಇನ್ನೂ ಹೆಚ್ಚು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಲು ಭಾರತ ಸರ್ಕಾರ 2016ರಲ್ಲಿಯೇ ಅವಕಾಶ ನೀಡಿದೆ.

ಕೇಂದ್ರದ ಸಿಬ್ಬಂದಿ ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಕಳೆದ ಮೂರು ತಿಂಗಳಲ್ಲಿ ನಮ್ಮ ಪ್ರದೇಶದವರಾಗಿದ್ದೂ ಬೇರೆಡೆ ಹೆತ್ತ ತಾಯಂದಿರ ಪಟ್ಟಿ ಮಾಡಿ, ಕಾರಣವನ್ನು ಅವರಿಂದಲೇ ಕೇಳಬೇಕು. ಕೇಳುವಾಗ ವಾದಿಸಬಾರದು.

2. ಎಂಟನೆಯ ತಿಂಗಳಲ್ಲಿ ಗರ್ಭಿಣಿಗೂ ಅವಳ ತಾಯಿ ಅಥವಾ ಅತ್ತೆಗೂ ಹೆರಿಗೆ ಕೋಣೆಯನ್ನು ತೋರಿಸಬೇಕು. ರಾತ್ರಿ ಯಾವ ಬಾಗಿಲಿಗೆ ಬರಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಹೇಳಿಕೊಡಬೇಕು.

3. ಇರುವ ಸೌಲಭ್ಯದ ಜೊತೆಗೆ ಇಲ್ಲದ್ದನ್ನೂ ತಿಳಿಸಬೇಕು. ನಮ್ಮಲ್ಲಿ ಶಸ್ತ್ರಕ್ರಿಯೆ ಇಲ್ಲವಾದರೆ, ಅಗತ್ಯ ಬಿದ್ದಾಗ ಎಲ್ಲಿಗೆ, ಹೇಗೆ ಕಳುಹಿಸುತ್ತೇವೆ ಎಂಬುದನ್ನು ಮುಂಚೆಯೇ ವಿವರಿಸಿದರೆ ನಂಬಿಕೆ ಕುಗ್ಗುವುದಿಲ್ಲ, ಬೆಳೆಯುತ್ತದೆ.

4. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಹಜ ಹೆರಿಗೆಗೆ 3 ದಿನ, ಶಸ್ತ್ರಕ್ರಿಯೆಯ ಹೆರಿಗೆಗೆ 7 ದಿನಗಳವರೆಗೆ ಉಚಿತ ಆಹಾರ ಮತ್ತು ಔಷಧಿಗಳು ತಾಯಿಯ ಹಕ್ಕು. ಇದನ್ನು ಗೋಡೆಯ ಮೇಲೆ ಬರೆಯಿಸುವುದಷ್ಟೇ ಅಲ್ಲ, ಬಾಯಿಂದಲೂ ಹೇಳಬೇಕು, ಹೇಳಿದ್ದನ್ನು ಕೊಡಬೇಕು.

5. ಹೆರಿಗೆಯ ಅನಂತರದ ಸಂಪರ್ಕವನ್ನು ಕಡಿಯಬಾರದು. ಎದೆಹಾಲು, ರಕ್ತಹೀನತೆ, ಮುಂದಿನ ಮಗುವಿನ ಅಂತರ ಇವುಗಳ ಸಲಹೆಗೆ ಬಸಿರಿನ ತಪಾಸಣೆಯಲ್ಲೇ ಪೀಠಿಕೆ ಹಾಕಬೇಕು. ಹೆರಿಗೆಯಾದ 48 ಗಂಟೆಗಳೊಳಗೆ ವಂಕಿ ಅಳವಡಿಸುವ ಸೌಲಭ್ಯವಿದ್ದರೆ, ನೋವು ಶುರುವಾಗುವ ಮೊದಲೇ ತಿಳಿಸಿ, ಒಪ್ಪಿದವರಿಗೆ ಮಾತ್ರ ಅಳವಡಿಸಬೇಕು.

ಪ್ರಚಾರದ ಎಲ್ಲೆ

ಪ್ರಚಾರಕ್ಕೆ ಕಾನೂನಿನ ಮೇರೆಯೂ ಇದೆ. ಸ್ಕ್ಯಾನಿಂಗ್ ಸೌಲಭ್ಯವನ್ನು ತಿಳಿಸುವಾಗ ಭ್ರೂಣದ ಲಿಂಗದ ಬಗ್ಗೆ ಸೂಚನೆಯೂ ಇಣುಕಬಾರದು. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆಯ 22ನೆಯ ಪ್ರಕರಣದಂತೆ ಅಂಥ ಜಾಹೀರಾತಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 10,000 ರೂಪಾಯಿಗಳವರೆಗೆ ದಂಡವಿದೆ. ಒಪ್ಪಿಗೆ ಪಡೆಯದೆ ತಾಯಿ ಮತ್ತು ಕೂಸಿನ ಭಾವಚಿತ್ರವನ್ನು ಬಳಸುವುದು, ಬೇರೆ ಆಸ್ಪತ್ರೆಯನ್ನು ಹೀಗಳೆಯುವುದು, ಶಸ್ತ್ರಕ್ರಿಯೆಯಿಲ್ಲದ ಹೆರಿಗೆಯ ಖಾತರಿ ಕೊಡುವುದು ವೈದ್ಯವೃತ್ತಿಗೆ ಒಪ್ಪುವ ಮಾತಲ್ಲ.

ಸಾರಾಂಶ

ನಿಯಮದ ಬಲದಿಂದ ಹಾಸಿಗೆ ತುಂಬಬಹುದು, ನಂಬಿಕೆ ತುಂಬಲಾಗದು. ಅಮೆರಿಕದ ಸೈನಿಕ ಆಸ್ಪತ್ರೆಗಳು ಇದನ್ನು ಅರಿತದ್ದು ಬಾಗಿಲು ತೆರೆದ ಮೇಲೆ. ನಮ್ಮ ತಾಯಂದಿರಿಗೆ ಬಾಗಿಲು ಎಂದೋ ತೆರೆದಿದೆ. ಮೊದಲು ತಾಯಿಯನ್ನು ಕೇಳಬೇಕು, ಆಮೇಲೆ ಸೇವೆಯನ್ನು ಸರಿಪಡಿಸಬೇಕು, ಕೊನೆಯಲ್ಲಿ ಊರಿಗೆ ಹೇಳಬೇಕು. ಈ ಅನುಕ್ರಮ ತಪ್ಪಿದಲ್ಲಿ ಪ್ರಚಾರವೇ ಅಪಪ್ರಚಾರವಾಗುತ್ತದೆ. ಆರೋಗ್ಯವಾಗಿ ಮನೆಗೆ ಮರಳಿದ ಬಾಣಂತಿಯೇ ನಮ್ಮ ಕೇಂದ್ರದ ನಿಜವಾದ ಫಲಕ.

ಚರ್ಚೆಗೆ ಪ್ರಶ್ನೆಗಳು

1. ಸೇವೆ ಉಚಿತವಾಗಿದ್ದರೂ ತಾಯಿಯು ತೆರಬೇಕಾದ 'ಬೆಲೆ'ಗಳು ಯಾವುವು? ನಿಮ್ಮ ಕೇಂದ್ರದಿಂದ ಎರಡು ಉದಾಹರಣೆ ಕೊಡಿ.

2. 2003ರ ಡಿಸೆಂಬರ್ 28ರ ಬದಲಾವಣೆಯಿಂದ ಸೈನಿಕ ಆಸ್ಪತ್ರೆಗಳ ತರಬೇತಿ ಮತ್ತು ಸುರಕ್ಷತೆಗೆ ಒದಗಬಹುದಾಗಿದ್ದ ತೊಂದರೆ ಏನು?

3. ಹೆರಿಗೆ ಕೋಣೆಯಲ್ಲಿ ತಾಯಿಗೆ ಕಾಣದ ಮೂರು ಅಗತ್ಯ ಸಿದ್ಧತೆಗಳನ್ನು ಹೆಸರಿಸಿ. ಅವನ್ನು ನೀವು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ?

4. ನಿಮ್ಮ ಕೇಂದ್ರದ ಗೇಟಿನ ಫಲಕದಲ್ಲಿ ಬರೆದಿರುವ ಯಾವ ಮಾತು ನಡುರಾತ್ರಿಯಲ್ಲಿ ನಿಜವಾಗಿ ಉಳಿಯುವುದಿಲ್ಲ?